ನೆಗಡಿ ಹಿಡಿದ ಗಂಟೆ

ನಮ್ಮೂರಿನಲ್ಲಿ ಯಾರೇ ಹೊಸದಾಗಿ ಏನನ್ನೇ ಮಾಡಲಿ, ಅದು ಮಾಡಿದವರ ಹತ್ತಿರ ಇರುವಾಗ ಮಾತ್ರ ನಡೆಯುತ್ತದೆ. ಕೂಗಿದರೆ ಕೇಳಿಸುವಷ್ಟು ದೂರದವರೆಗೆ ಸರಿ. ಅದಕ್ಕಿಂತ ಒಂದು ಹೆಜ್ಜೆ ಆಚೆ ಹೋದರೆ ವಸ್ತು ಕಲ್ಲಿನ ಹಾಗೆ ಕೂತುಬಿಡುತ್ತದೆ. ಹೊರಗಿನಿಂದ ಬಂದವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಮಾತ್ರ ಇದು ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಬಾರದು ಅನ್ನುವಷ್ಟೇ ಸಾಧಾರಣ ಸಂಗತಿ. ಸದ್ದು ಮಾಡದ ಮಿಕ್ಸಿಯನ್ನು ಮಾಡಿದ ಶಾಮಣ್ಣನನ್ನು ಮದುವೆ ಅಡುಗೆಯವರು ಬೆಳಗ್ಗೆಯೇ ಕರೆದೊಯ್ದು ಒಲೆಯ ಪಕ್ಕ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಆ ಲಗ್ನದ ತಿಂಗಳುಗಳಲ್ಲಿ ಮೂರು ಬೀದಿಯ ಚಟ್ನಿ ತಿಂದು ಅವನ ಹೊಟ್ಟೆ ಕೆಟ್ಟು ಕೆರ ಹಿಡಿಯಿತು. ನೀರೆತ್ತುವ ಪಂಪನ್ನು ಮಾಡಿದ ಇನ್ನೊಬ್ಬ ಟ್ಯಾಂಕಿನ ಬುಡದಲ್ಲೇ ಮನೆ ಮಾಡಿಕೊಂಡಿದ್ದ. ಪರವೂರಿನಲ್ಲಿ ಅವನ ಮಾವ ತೀರಿಕೊಂಡಾಗ ಊರಿನವರೆಲ್ಲ ಮೊದಲು ಡ್ರಮ್ಮು, ಕೊಡಪಾನ ತುಂಬಿಸಿಕೊಂಡು ಆಮೇಲೆ ಅವನನ್ನು ಸಾವಿಗೆ ಕಳಿಸಿಕೊಟ್ಟರು.

ಇಂಥ ಊರಿನ ಗುಡ್ಡದ ಮೇಲೆ ಯಾವ ಪುಣ್ಯಾತ್ಮ ಲ್ಯಾಬು ಕಟ್ಟಬೇಕೆಂದು ಯೋಚಿಸಿದನೋ ಗೊತ್ತಿಲ್ಲ. ಕಂಪನಿ ಕಟ್ಟಿತು. ನೂರಾರು ಜನ ಓದಿದವರು ಅಲ್ಲಿ ಕೂತು ಒಂದಕ್ಕಿಂತ ಒಂದು ಚಂದದ ವಸ್ತುಗಳನ್ನು ಕಂಡುಹಿಡಿದರು. ಪರವೂರಿನ ವ್ಯಾಪಾರಿಗಳು ಬಂದು ನೋಡಿ, ಮೂಗಿನ ಮೇಲೆ ಬೆರಳಿಟ್ಟು, ಲಾರಿಗಟ್ಟಲೆ ತುಂಬಿಸಿಕೊಂಡು ಹೋದರು. ವಾರದೊಳಗೆ ಅದೇ ಲಾರಿಗಳು ಅದೇ ವಸ್ತುಗಳನ್ನು ತಂದು ಬಾಗಿಲಲ್ಲಿ ಸುರಿದವು. ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ನಾನು ಆಗ ಗೋದಾಮಿನ ಗುಮಾಸ್ತ. ವಾಪಸು ಬಂದ ಸತ್ತ ವಸ್ತುಗಳಿಗೆ ಚೀಟಿ ಅಂಟಿಸಿ ಜೋಡಿಸುವುದೇ ನನ್ನ ಕೆಲಸವಾಗಿತ್ತು.

ದಾರಿ ತೋರಿಸಿದವನು ಒಬ್ಬ ಮುದುಕ. ಎಣ್ಣೆಯಿಲ್ಲದೆ ಉರಿಯುವ ದೀಪ ಮಾಡಿದವನು. ನಿವೃತ್ತಿಯಾಗುವ ದಿನ ಗೋದಾಮಿಗೆ ಬಂದು, ನನ್ನ ಮುಂದೆ ಪೆಟ್ಟಿಗೆಯ ಮೇಲೆ ಕೂತು, ಆ ದೀಪವನ್ನು ಹೇಗೆ ಮಾಡಿದೆನೆಂಬುದನ್ನು ಮೊದಲಿನಿಂದ ಕೊನೆಯವರೆಗೆ ಒಂದನ್ನೂ ಬಿಡದೆ ಹೇಳಿದ. ನನಗೆ ಬೇರೆ ಕೆಲಸವಿರಲಿಲ್ಲ, ಕೇಳಿದೆ. ಹೇಳಿ ಮುಗಿಸಿ ಎದ್ದವನು ಕಪಾಟಿನ ಕಡೆ ನೋಡಿ, ಇದೇನಪ್ಪ ಇದು, ದೀಪವೋ ಎಂದು ಕೇಳಿದ. ಅದೇ ಗಳಿಗೆಯಲ್ಲಿ ಇನ್ನೂರು ಮೈಲಿ ಆಚೆ ಯಾವುದೋ ಅಂಗಡಿಯ ಅಟ್ಟದ ಮೇಲೆ ಆರು ವರ್ಷದಿಂದ ಬಿದ್ದಿದ್ದ ದೀಪಗಳು ತಾವಾಗಿ ಹತ್ತಿಕೊಂಡವಂತೆ.

ಕಂಪನಿಯವರಿಗೆ ಅಷ್ಟು ಸಾಕಾಯಿತು. ಗುಡ್ಡದ ಮೇಲೆ ಒಂದು ಕೋಣೆ ಕಟ್ಟಿಸಿದರು, ಎರಡು ಕುರ್ಚಿ ಹಾಕಿಸಿದರು, ಒಂದರಲ್ಲಿ ನನ್ನನ್ನು ಕೂರಿಸಿದರು. ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಮಾಡಿದವರು ಬಂದು ತಾವು ಮಾಡಿದ್ದನ್ನು ನನಗೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ವಸ್ತು ಮಾರುಕಟ್ಟೆಗೆ ಹೋಗುತ್ತದೆ, ಮಾಡಿದ ಕಾಲ ಮಾಡಿದವರ ತಲೆಯಿಂದ ಹೋಗುತ್ತದೆ. ಬರೀ ಕೆಲಸ ಮಾತ್ರ ಹೋಗಿ ಬದುಕು ಉಳಿಯಲಿ ಎಂದು ಎಲ್ಲರೂ ಹೆಣಗುತ್ತಿದ್ದರು. ಆದರೆ ಕಲಸಿದ ಅನ್ನದಿಂದ ಸಾರನ್ನು ಬೇರೆ ಮಾಡಲು ಬರುತ್ತದೆಯೇ? ಶಾಮಣ್ಣ ಮಿಕ್ಸಿಯನ್ನು ಒಪ್ಪಿಸಿ ಮನೆಗೆ ಹೋದಾಗ ಮೂರು ವರ್ಷದ ಮಗಳೊಬ್ಬಳು ಅಪ್ಪಾ ಎಂದು ಓಡಿಬಂದು ಕಾಲು ಹಿಡಿದಳು. ಅವನು ಹೆಂಡತಿಯ ಮುಖ ನೋಡಿದ. ಇವಳು ನಮ್ಮವಳೇ ಕಣ್ರೀ, ಎತ್ಕೊಳ್ಳಿ ಎಂದಳು ಆಕೆ. ಎತ್ತಿಕೊಂಡ. ಜನ ಹೊಂದಿಕೊಂಡರು. ಒಪ್ಪಿಸುವ ಹಿಂದಿನ ದಿನ ನೆಂಟರನ್ನೆಲ್ಲ ಕರೆದು ಊಟ ಹಾಕುವುದು, ಹುಟ್ಟಿದವರ, ಸತ್ತವರ ಪಟ್ಟಿ ಮಾಡಿ ಅಡುಗೆ ಮನೆಯ ಗೋಡೆಗೆ ಅಂಟಿಸುವುದು, ಇವೆಲ್ಲ ರೂಢಿಗೆ ಬಂದವು. ಕೆಲವು ಹೆಂಗಸರು, ಆ ನಾಲ್ಕು ವರ್ಷ ಇವರು ಮನೆಗೆ ಬಂದದ್ದೇ ಅಪರೂಪ, ಹೋದರೆ ಹೋಗಲಿ ಬಿಡಿ ಎಂದು ನಗಾಡುತ್ತಿದ್ದರು. ಹದಿನೆಂಟು ವರ್ಷದಲ್ಲಿ ನಾನು ಇಪ್ಪತ್ತಮೂರು ಜನರ ಬದುಕನ್ನು ಕೇಳಿಸಿಕೊಂಡಿದ್ದೇನೆ. ನನ್ನದೆಂದು ಹೇಳಿಕೊಳ್ಳುವ ನೆನಪಿಗಿಂತ ಬೇರೆಯವರ ನೆನಪೇ ನನ್ನಲ್ಲಿ ಹೆಚ್ಚು. ಊರಿನವರು ಬೆನ್ನ ಹಿಂದೆ ನನ್ನನ್ನು ಕಿವಿ ಸಾಹೇಬರು ಅನ್ನುತ್ತಾರೆ. ಅನ್ನಲಿ.

ಇಪ್ಪತ್ತಮೂರನೆಯವಳು ಹೊನ್ನೂರಮ್ಮ. ಲ್ಯಾಬಿನಲ್ಲಿ ದೊಡ್ಡ ಓದಿನವಳೇನಲ್ಲ. ಡಿಪ್ಲೊಮಾ ಮುಗಿಸಿ ಸಲಕರಣೆ ಒರೆಸುವ ಕೆಲಸಕ್ಕೆ ಸೇರಿದವಳು. ಅವಳ ಅಪ್ಪ ಓಬಯ್ಯ ಮೂವತ್ತು ವರ್ಷ ಊರಿನ ಒಳಚರಂಡಿಗೆ ಇಳಿದವನು. ನಮ್ಮೂರಿನ ಬೀದಿಗಳ ಕೆಳಗೆ ಇಟ್ಟಿಗೆಯ ಹಳೇ ಚರಂಡಿಯಿದೆ, ಅದಕ್ಕೆ ಇಳಿಯಲು ನಲವತ್ತೆರಡು ಗುಂಡಿಗಳಿವೆ, ಆ ಗುಂಡಿಗಳಲ್ಲಿ ಯಾವಾಗ ಕೆಟ್ಟ ಗಾಳಿ ತುಂಬಿಕೊಳ್ಳುತ್ತದೆಂದು ಯಾರೂ ಹೇಳಲಾರರು. ವರ್ಷಕ್ಕೆ ಇಬ್ಬರೋ ಮೂವರೋ ಇಳಿದವರು ಹತ್ತುತ್ತಿರಲಿಲ್ಲ. ಓಬಯ್ಯನೊಬ್ಬನೇ ಗುಂಡಿಯ ಬಾಯಲ್ಲಿ ಬಗ್ಗಿ ಒಂದು ಉಸಿರೆಳೆದು ಒಳಗಿನ ಗಾಳಿ ಎಂಥದು ಎಂದು ಹೇಳಬಲ್ಲವನಾಗಿದ್ದ. ಆ ಮೂಗನ್ನೇ ನೋಡಿ ಮಗಳು ಗಂಟೆ ಮಾಡಲು ಹೊರಟಳು. ಅಂಗೈಯಗಲದ ಹಿತ್ತಾಳೆಯ ಡಬ್ಬಿ, ಅದರೊಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ತಗಡಿನ ನಾಲಿಗೆ. ಕೆಟ್ಟ ಗಾಳಿ ತಾಗಿದರೆ ನಾಲಿಗೆ ನಡುಗಿ ಗಣಗಣ ಎನ್ನಬೇಕು. ನಾಲ್ಕು ವರ್ಷ ಅಪ್ಪ ಮಗಳು ಗುಂಡಿಯಿಂದ ಗುಂಡಿಗೆ ಅದನ್ನು ಹೊತ್ತು ತಿರುಗಿದರು. ಅಪ್ಪ ಮೂಸಿ ನೋಡಿ ಹೇಳುವುದು, ಗಂಟೆ ಹೇಳುತ್ತದೆಯೇ ಎಂದು ಮಗಳು ಕಾಯುವುದು.

ನಾಲ್ಕನೆಯ ವರ್ಷದ ಕೊನೆಗೆ ಗಂಟೆ ಓಬಯ್ಯನ ಮೂಗಿಗೆ ಸಮನಾಯಿತು. ಅಷ್ಟು ಹೊತ್ತಿಗೆ ಓಬಯ್ಯನ ಶ್ವಾಸಕೋಶ ಮುಗಿದಿತ್ತು, ಆಸ್ಪತ್ರೆಯ ಮಂಚದ ಮೇಲೆ ಸತ್ತ. ಆಮೇಲೆ ಒಂದು ವರ್ಷ ಹೊನ್ನೂರಮ್ಮ ಬೇರೆ ಏನೂ ಮಾಡಲಿಲ್ಲ. ಯಾವ ಗುಂಡಿಗೆ ಯಾರು ಇಳಿದರೂ ಅದರ ಬಾಯಲ್ಲಿ ಮಣೆ ಹಾಕಿ ಕೂತಳು, ಏಕೆಂದರೆ ಅವಳಿದ್ದರೆ ಮಾತ್ರ ಗಂಟೆ ಬಾರಿಸುತ್ತದೆ. ಆ ವರ್ಷ ನಮ್ಮೂರಿನ ಗುಂಡಿಗಳಲ್ಲಿ ಒಬ್ಬರೂ ಸಾಯಲಿಲ್ಲ. ಕೆಲಸದವರ ಮೇಸ್ತ್ರಿ ಮಾರೆಪ್ಪ ಅವಳಿಗೆ ಬಿಸಿಲು ತಾಗದಿರಲೆಂದು ಗೋಣಿಚೀಲದ ಚಪ್ಪರ ಹೊಲಿಸಿಕೊಟ್ಟಿದ್ದ. ಆದರೆ ಒಬ್ಬಳು ಎಷ್ಟು ಬಾಯಲ್ಲಿ ಕೂತಾಳು? ಪಕ್ಕದ ಊರಿನಲ್ಲಿ ಒಂದೇ ದಿನ ನಾಲ್ವರು ಸತ್ತ ಸುದ್ದಿ ಪೇಪರಿನಲ್ಲಿ ಬಂದ ದಿನ ಅವಳು ತಾನಾಗಿ ನನ್ನ ಕೋಣೆಗೆ ಬಂದು, ಒಪ್ಪಿಸುತ್ತೇನೆ ಅಂದಳು.

ಮಾರಾಟ ವಿಭಾಗದ ಸೀತಾಪತಿಯವರಿಗೆ ಹಬ್ಬ. ಬೇಸಿಗೆ ಮುಗಿಯುವುದರೊಳಗೆ ಗಂಟೆ ಪೇಟೆಗೆ ಬರಬೇಕೆಂದು ಅವರು ಆಗಲೇ ಪೆಟ್ಟಿಗೆಗಳ ಮೇಲೆ ತಾರೀಖು ಅಚ್ಚು ಹಾಕಿಸಿದ್ದರು. ಕೆಟ್ಟ ಮನುಷ್ಯ ಎಂದು ನಾನು ಹೇಳಲಾರೆ. ಹೆಂಡತಿಯ ಕಾಯಿಲೆ ಕೇಳಿದರೂ ಪೆಟ್ಟಿಗೆಯ ಅಳತೆ ಹೇಳುವಷ್ಟು ಕೆಲಸದಲ್ಲಿ ಮುಳುಗಿದ ಮನುಷ್ಯ.

ಮಾಡಿದ ನಾಲ್ಕು ವರ್ಷ, ಬಾಯಲ್ಲಿ ಕೂತ ಒಂದು ವರ್ಷ, ಎರಡನ್ನೂ ಒಪ್ಪಿಸುವುದು ಹನ್ನೊಂದು ದಿನ ನಡೆಯಿತು. ಲ್ಯಾಬಿನ ದಿನಚರಿ ನನ್ನ ಮುಂದೆ ಇರುತ್ತಿತ್ತು. ಒಂದೊಂದು ದಿನದ್ದು ಹೇಳಿದಂತೆ ಅದರ ಎದುರು ಗೀಟು ಹಾಕುವುದು ನನ್ನ ಕ್ರಮ. ಹೊನ್ನೂರಮ್ಮ ಚೆನ್ನಾಗಿ ಹೇಳುತ್ತಿದ್ದಳು. ತಾಯಿ ಬೇಗ ತೀರಿಕೊಂಡ ಮನೆ, ಅಪ್ಪ ಮಾತಿನವನಲ್ಲ. ಅವನು ನಕ್ಕದ್ದನ್ನು ಬೀದಿಯಲ್ಲಿ ಯಾರೂ ನೋಡಿರಲಿಲ್ಲವಂತೆ. ಗುಂಡಿಯಲ್ಲಿ ಬಾಯಿ ತೆರೆದವನು ಉಳಿಯುವುದಿಲ್ಲ, ಹಾಗಾಗಿ ಮುಚ್ಚಿಕೊಂಡೇ ಅಭ್ಯಾಸ ಅನ್ನುತ್ತಿದ್ದನಂತೆ. ಕೇಳುತ್ತ ಕೇಳುತ್ತ ನಾನು ಕಾಣದ ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿತು. ಸುಳ್ಳು ಹೇಳುವುದೇಕೆ, ನನ್ನ ಸ್ವಂತ ಅಪ್ಪನ ಬಗ್ಗೆ ನನಗೆ ಇಷ್ಟು ಗೊತ್ತಿಲ್ಲ.

ಐದನೆಯ ದಿನ ದಿನಚರಿಯಲ್ಲಿ ಒಂದು ಹಾಳೆ ಬಂತು. ಎರಡನೆಯ ವರ್ಷದ ಪುಷ್ಯ ಮಾಸದ ಒಂದು ದಿನ. ಹಾಳೆಯಲ್ಲಿ ಹದಿನೇಳು ಎಂದು ಗುಂಡಿಯ ನಂಬರು, ಅದರ ಸುತ್ತ ಒಂದು ಸೊನ್ನೆ, ಅಷ್ಟೇ. ಅವಳು ಆ ದಿನವನ್ನು ದಾಟಿ ಮುಂದಿನ ವಾರದ ಮಾತು ಎತ್ತಿದಳು. ನಾನು ಹಾಳೆಯ ಮೇಲೆ ಬೆರಳಿಟ್ಟು, ಈ ದಿನ ಎಂದು ಕೇಳಿದೆ.

"ಅವತ್ತು ಕೆಲ್ಸ ಏನೂ ಆಗ್ಲಿಲ್ಲ ಸಾರ್," ಅಂದಳು. "ಸುಮ್ನೆ ಕೂತಿದ್ವಿ."

ಹದಿನೆಂಟು ವರ್ಷ ಬರೀ ಕೇಳಿಯೇ ಅನ್ನ ತಿಂದ ಕಿವಿ ಇದು. ಅವಳು ಏನನ್ನೋ ಬಚ್ಚಿಟ್ಟುಕೊಂಡಳೆಂದು ಗೊತ್ತಾಯಿತು. ಕೇಳಿ ಹೊರಡಿಸಬೇಕಾದದ್ದು ನನ್ನ ಕೆಲಸ. ಆದರೆ ಆ ದಿನ ಬೆಳಗ್ಗೆ ಅವಳು ಒಂದು ಮಾತು ಹೇಳಿದ್ದಳು. ಒಪ್ಪಿಸಿ ಮನೆಗೆ ಹೋದಾಗ ಅಪ್ಪ ಎಲ್ಲಿ ಎಂದು ಹುಡುಕಬಾರದಲ್ಲ, ಅದಕ್ಕೆ ಮೊದಲೇ ಫೋಟೊಗೆ ಹಾರ ಹಾಕಿ ಬಾಗಿಲಿಗೆ ಎದುರಾಗಿ ನೇತುಹಾಕಿ ಬಂದಿದ್ದೇನೆ ಅಂದಿದ್ದಳು. ಇಷ್ಟು ಕಳೆದುಕೊಳ್ಳುವವಳು ಒಂದು ದಿನವನ್ನು ಇಟ್ಟುಕೊಂಡರೆ ಯಾರ ಗಂಟು ಹೋಗುತ್ತದೆ? ಇರಲಿ ಎಂದೆ. ಆ ಹಾಳೆಯ ಎದುರು ಗೀಟು ಹಾಕಿದೆ.

ಅದರಿಂದ ಏನೂ ಆಗಲಾರದು ಎಂದು ನಂಬಲು ಕಾರಣವೂ ಇತ್ತು. ಹಿಂದೆ ಯಾರಾದರೂ ಏನನ್ನಾದರೂ ಮುಚ್ಚಿಟ್ಟರೆ ವಸ್ತು ಪರವೂರಿನಲ್ಲಿ ನಡೆಯುತ್ತಲೇ ಇರಲಿಲ್ಲ. ಮತ್ತೆ ಕೂರಿಸಿ ಕೇಳುತ್ತಿದ್ದೆವು. ನಡೆಯಿತೆಂದರೆ ಪೂರ್ತಿ ಒಪ್ಪಿಸಿದ ಹಾಗೆ, ಇದು ನಮ್ಮ ಲೆಕ್ಕಾಚಾರವಾಗಿತ್ತು. ಸೀತಾಪತಿಯವರು ಹದಿನೈದು ಗಂಟೆಗಳನ್ನು ಬಸ್ಸಿನಲ್ಲಿ ಹಾಕಿಕೊಂಡು ಮೂರು ದಿನದ ದಾರಿ ಹೋಗಿ, ಬಿರುಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗಿದ ಊರೊಂದರ ಗುಂಡಿಗಳಿಗೆ ಇಳಿಸಿ ನೋಡಿದರು. ಹದಿನೈದೂ ಬಾರಿಸಿದವು. ಫೋನು ಬಂತು. ಗುಡ್ಡದ ಮೇಲೆ ಎಲ್ಲರಿಗೂ ಜಿಲೇಬಿ ಹಂಚಿದರು. ಹೊನ್ನೂರಮ್ಮನೂ ಒಂದು ತಿಂದಳು. ಯಾಕೆ ಹಂಚುತ್ತಿದ್ದಾರೆಂದು ಪಕ್ಕದವಳನ್ನು ಕೇಳಿ ತಿಳಿದುಕೊಂಡಳು.

ಗಂಟೆಗಳು ಐವತ್ತು ಊರಿಗೆ ಹೋದವು. ನಮ್ಮೂರಿನ ಗುಂಡಿಯವರಿಗೂ ಹೊಸ ಗಂಟೆ ಕೊಟ್ಟರು, ಅವಳು ಮಾಡಿದ್ದ ಹಳೆಯವನ್ನು ಮ್ಯೂಸಿಯಮ್ಮಿಗೆ ಇಟ್ಟುಕೊಂಡರು. ಇನ್ನು ಬಾಯಲ್ಲಿ ಯಾರೂ ಕೂರಬೇಕಾಗಿರಲಿಲ್ಲ. ಹೊನ್ನೂರಮ್ಮ ಮತ್ತೆ ಸಲಕರಣೆ ಒರೆಸುವ ಕೆಲಸಕ್ಕೆ ಹೋದಳು. ಬೀದಿಯಲ್ಲಿ ಮಾರೆಪ್ಪ ಎದುರಾಗಿ ಕೈಮುಗಿದರೆ, ಯಾರೋ ದೊಡ್ಡವರು ಎಂದುಕೊಂಡು ತಾನೂ ಕೈಮುಗಿದು ಮುಂದೆ ಹೋಗುತ್ತಿದ್ದಳು. ಮಾರೆಪ್ಪ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಒಪ್ಪಿಸಿದವರು ಹಾಗೆಯೇ ಎಂದು ಊರಿಗೆಲ್ಲ ಗೊತ್ತಿತ್ತು.

ಮುಂದಿನ ಪುಷ್ಯದಲ್ಲಿ ಎಂಟು ದಿನ ಮಂಜು ಬಿತ್ತು. ಗೋಡೆ ಮುಟ್ಟಿದರೆ ಕೈ ಒದ್ದೆಯಾಗುವಂಥ ಮಂಜು. ಒಂಬತ್ತನೆಯ ದಿನ ಬೆಳಗ್ಗೆ ಹದಿನೇಳನೇ ಗುಂಡಿಗೆ ಮಾರೆಪ್ಪ ಇಳಿದ. ಕೊರಳಲ್ಲಿ ಗಂಟೆ ಇತ್ತು, ಅದು ಬಾರಿಸಲಿಲ್ಲ. ಅವನ ಸದ್ದಿಲ್ಲವೆಂದು ತಮ್ಮ ಸಣ್ಣಮಾರ ಇಳಿದ. ಅವನ ಕೊರಳಲ್ಲೂ ಗಂಟೆ ಇತ್ತು. ಗಂಟೆ ಬಾರಿಸದಿದ್ದ ಮೇಲೆ ಗಾಳಿ ಸರಿಯಿದೆ, ಏನೋ ಬಿದ್ದು ಪೆಟ್ಟಾಗಿರಬೇಕೆಂದು ಅಳಿಯ ಜಂಬಣ್ಣನೂ ಇಳಿದ. ಹನ್ನೊಂದು ಗಂಟೆಗೆ ಮೂವರನ್ನೂ ಹಗ್ಗದಲ್ಲಿ ಎತ್ತಿ ರಸ್ತೆಯ ಮೇಲೆ ಸಾಲಾಗಿ ಮಲಗಿಸಿದರು. ಕೊರಳಲ್ಲಿ ಮೂರು ಹಿತ್ತಾಳೆ ಡಬ್ಬಿಗಳು, ಹೊಸವು, ಫಳಫಳ ಹೊಳೆಯುತ್ತಿದ್ದವು.

ಸೀತಾಪತಿಯವರು ಬಂದು ಗಂಟೆಗಳನ್ನು ಬಿಚ್ಚಿಸಿಕೊಂಡು ಹೋಗಿ ತಮ್ಮ ಆಫೀಸಿನ ಕಿಟಕಿಯಲ್ಲಿಟ್ಟರು. ಮಧ್ಯಾಹ್ನ ಬಿಸಿಲು ಬಂತು. ನಾಲ್ಕು ಗಂಟೆಗೆ ಅಧಿಕಾರಿಗಳ ಎದುರು ಕೆಟ್ಟ ಗಾಳಿ ತುಂಬಿದ ಜಾಡಿಗೆ ಅವನ್ನು ಇಳಿಸಿದರು. ಮೂರೂ ಗಣಗಣ ಎಂದವು. ಗಂಟೆಯಲ್ಲಿ ದೋಷವಿಲ್ಲ ಎಂದು ಬರೆದು ಎಲ್ಲರೂ ಸಹಿ ಹಾಕಿದರು. ಸಂಜೆಯೊಳಗೆ, ಅವರು ಕುಡಿದು ಇಳಿದಿದ್ದರಂತೆ ಎಂಬ ಮಾತು ಹುಟ್ಟಿ ಊರೆಲ್ಲ ತಿರುಗಿತು. ಮಾರೆಪ್ಪ ಜನ್ಮದಲ್ಲಿ ಕುಡಿದವನಲ್ಲ.

ನಾನು ಗುಂಡಿಯ ಹತ್ತಿರ ಹೋದಾಗ ಹೊನ್ನೂರಮ್ಮ ಅಲ್ಲಿದ್ದಳು. ಮಾರೆಪ್ಪನ ಹೆಂಡತಿ ಗಂಗವ್ವ ಅವಳ ಹೆಗಲು ಹಿಡಿದು, ನೀನು ಬಾಯಲ್ಲಿ ಕೂತಿದ್ದರೆ ಇವರು ಉಳಿಯುತ್ತಿದ್ದರಲ್ಲೇ ಎಂದು ಅಳುತ್ತಿದ್ದಳು. ಒಂದು ವರ್ಷ ಮಧ್ಯಾಹ್ನದ ಬುತ್ತಿಯನ್ನು ಹಂಚಿ ತಿಂದ ಆ ಹೆಂಗಸು ಯಾರೆಂದು ಹೊನ್ನೂರಮ್ಮನಿಗೆ ತಿಳಿಯದು. ಆದರೂ ಬೆನ್ನು ಸವರುತ್ತ ನಿಂತಿದ್ದಳು. ವಾಪಸು ಗುಡ್ಡ ಹತ್ತುವಾಗ ಅವಳು ನನ್ನ ಜೊತೆ ನಡೆದಳು. ಸ್ವಲ್ಪ ದೂರ ಹೋದ ಮೇಲೆ ಹೇಳಿದಳು.

"ಆ ಗುಂಡಿ ನಂಗೆ ಗೊತ್ತು ಸಾರ್. ಆ ಐದು ವರ್ಷದಾಗೆ ನಂಗೆ ಉಳ್ದಿರೋದು ಅದೊಂದೇ. ನಮ್ಮಪ್ಪ ಅಲ್ಲೇ ನಕ್ಕಿದ್ದು. ಹಿಂಗೇ ಮಂಜು ಬಿದ್ದಿತ್ತು. ಒಳಗಿಂದ ದಡದಡ ಹತ್ತಿ ಬಂದ್ರು, ನನ್ನ ಮುಖ ನೋಡಿದ್ರು, ನಿನ್ನ ಗಂಟೆಗೆ ನೆಗಡಿ ಆಗೈತೆ ಕಣೇ ಅಂದ್ರು. ಅಂದು ನಕ್ರು. ಯಾಕೆ ಹಂಗಂದ್ರೋ ನಂಗೆ ತಿಳೀದು. ನಕ್ಕಿದ್ದು ಮಾತ್ರ ಕಣ್ಣಿಗೆ ಕಟ್ಟೈತೆ. ಆಮೇಲೆ..."

"ಸಾಕು, ಮುಂದೆ ಹೇಳಬೇಡಿ," ಎಂದೆ. ಕೊನೆಯವರೆಗೆ ಹೇಳಿದ್ದರೆ ಅದೂ ಅವಳ ತಲೆಯಿಂದ ಹೋಗುತ್ತಿತ್ತು.

ಅವಳಿಗೆ ತಿಳಿಯದಿದ್ದದ್ದು ನನಗೆ ತಿಳಿಯಿತು. ಅವಳ ಹತ್ತಿರ ಆ ಮಧ್ಯಾಹ್ನವಿತ್ತು, ಅದರ ಅರ್ಥ ಉಳಿದಿರಲಿಲ್ಲ. ಅರ್ಥವೆಲ್ಲ ಹನ್ನೊಂದು ದಿನದಲ್ಲಿ ನನ್ನ ಕಡೆಗೆ ಬಂದುಬಿಟ್ಟಿತ್ತು. ಮಂಜಿನ ದಿನ, ಹದಿನೇಳನೇ ಗುಂಡಿ, ಬಾರಿಸದ ಗಂಟೆ. ತೇವಕ್ಕೆ ನಾಲಿಗೆ ಅಂಟಿಕೊಂಡಿದೆ. ಓಬಯ್ಯ ತನ್ನ ಮೂಗಿನಿಂದ ಗಾಳಿ ಅರಿತು ಹತ್ತಿ ಬಂದಿದ್ದಾನೆ. ಗಂಟೆ ಸೋತು ತಾನು ಗೆದ್ದದ್ದಕ್ಕೋ, ಸಾವಿನ ಬಾಯಿಂದ ಹೊರಬಂದದ್ದಕ್ಕೋ, ಬದುಕಿನಲ್ಲಿ ಒಂದು ಸಲ ನಕ್ಕಿದ್ದಾನೆ. ಆಮೇಲೆ ಅದಕ್ಕೆ ಏನೋ ಮಾಡಿದ್ದಾನೆ, ಯಾಕೆಂದರೆ ಆಮೇಲಿನ ಮೂರು ವರ್ಷ, ಮಂಜಿರಲಿ ಮಳೆಯಿರಲಿ, ಗಂಟೆ ಬಾರಿಸಿದೆ. ಆ ಏನೋ ಮಾಡಿದ್ದು ಆ ಮಧ್ಯಾಹ್ನದೊಳಗೆ ಇದೆ. ಮಗಳು ಅದನ್ನು ಕೆಲಸವೆಂದು ತಿಳಿಯದೆ, ಅಪ್ಪನ ನಗುವಿನ ಜೊತೆ ಸುತ್ತಿಟ್ಟುಕೊಂಡಳು. ನಾನು ಗೀಟು ಹಾಕಿದೆ.

ಸೀತಾಪತಿಯವರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಬೇರೆ ಯಾರಾದರೂ ನಾಲಿಗೆಯನ್ನು ಸರಿಮಾಡಲಿ ಎಂದೆ. ಅವರು ನನಗೆ ನಮ್ಮೂರಿನ ನಿಯಮವನ್ನು ನೆನಪಿಸಿದರು. ಬೇರೆಯವರು ಸರಿಮಾಡಿದರೆ ಗಂಟೆ ಅವರಿಗೆ ಅಂಟಿಕೊಳ್ಳುತ್ತದೆ, ಮತ್ತೆ ಅವರು ಒಪ್ಪಿಸಬೇಕು, ಇನ್ನೆರಡು ವರ್ಷ. ಅಲ್ಲಿಯವರೆಗೆ ಐವತ್ತು ಊರಿನ ಗಂಟೆಗಳ ಗತಿ? ದೋಷವಿಲ್ಲ ಎಂದು ಬರೆದುಕೊಟ್ಟಾಗಿದೆ. "ಉಳಿದದ್ದನ್ನ ಅವಳ ಹತ್ರ ಕೇಳಿ ಮುಗಿಸಿ. ಕೇಳೋದು ನಿಮ್ಮ ಕೆಲಸ ಅಲ್ವಾ?" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಎರಡು ದಿನ ನಾನು ಹೋಗಲಿಲ್ಲ. ಮೂರನೆಯ ದಿನ ಪೇಪರಿನಲ್ಲಿ ಇನ್ನೊಂದು ಊರಿನ ಹೆಸರಿತ್ತು, ಅಲ್ಲೂ ಮಂಜು ಬಿದ್ದಿತ್ತು. ಆಗ ಅವಳ ಮನೆಗೆ ಹೋದೆ. ಬಾಗಿಲಿಗೆ ಎದುರಾಗಿ ಓಬಯ್ಯನ ಫೋಟೊ, ಹಾರ. ತುಟಿ ಬಿಗಿದು ಕ್ಯಾಮರಾವನ್ನು ಸಾಲಗಾರನನ್ನು ನೋಡುವ ಹಾಗೆ ನೋಡುತ್ತಿದ್ದ. ಹೊನ್ನೂರಮ್ಮನ ಮುಂದೆ ನೆಲದ ಮೇಲೆ ಕೂತು, ಏನೂ ಮುಚ್ಚದೆ ಹೇಳಿದೆ. ನೀವು ಒಂದು ದಿನ ಬಿಟ್ಟಿರಿ, ನನಗೆ ಗೊತ್ತಾಯಿತು, ನಾನು ಬಿಟ್ಟೆ, ಅದರಿಂದ ಈ ಸಾವುಗಳಾದವು ಎಂದೆ. ಅವಳು ಬಹಳ ಹೊತ್ತು ಸೆರಗಿನ ಅಂಚನ್ನು ಉಗುರಿನಿಂದ ಗೀರುತ್ತಿದ್ದಳು. ಅಪ್ಪ ಆಮೇಲೆ ಏನು ಮಾಡಿದರು, ಅದೊಂದನ್ನೇ ಹೇಳಿ ಎಂದು ಕೇಳಿದೆ. ಕಣ್ಣು ಮುಚ್ಚಿ ನೋಡಿದಳು. ಹಾಗೆ ನಡುವಿನದ್ದು ಬರುವುದಿಲ್ಲ, ಮೊದಲಿನಿಂದ ಹೇಳುತ್ತ ಹೋದರೆ ಬರುತ್ತದೆ ಎಂದಳು.

"ಹೇಳಿದ್ರೆ ಅದೂ ಹೋಗ್ತೈತಾ ಸಾರ್?"

"ಹೋಗುತ್ತದೆ."

"ನಗು?"

ನಾನು ಫೋಟೊದ ಕಡೆ ನೋಡಿದೆ. ಒಂದು ದಿನ ಟೈಮ್ ಕೊಡಿ ಎಂದಳು. ಮರುದಿನ ಬೆಳಗಿನಿಂದ ಸಂಜೆಯವರೆಗೆ ಅವಳು ಹದಿನೇಳನೇ ಗುಂಡಿಯ ಬಾಯಲ್ಲಿ, ಕಲ್ಲಿನ ಮುಚ್ಚಳದ ಮೇಲೆ, ಒಬ್ಬಳೇ ಕೂತಿದ್ದಳೆಂದು ಆ ಬೀದಿಯವರು ಹೇಳಿದರು. ಗಂಗವ್ವ ಬಂದು ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಹೋದಳಂತೆ. ಅದರ ಮರುದಿನ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ನನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತಳು.

"ಒಂದು ಮಾತು ಕೊಡಿ. ಇದನ್ನ ನೀವು ಇಟ್ಕೊಂಡಿರ್ರಿ. ನಾ ಯಾವತ್ತಾದ್ರೂ ಬಂದು ಕೇಳಿದ್ರೆ ನಂಗೆ ವಾಪಸ್ ಹೇಳ್ಬೇಕು. ಒಂದಕ್ಷರ ಕಮ್ಮಿ ಆಗ್ಬಾರ್ದು."

ಕೊಟ್ಟೆ. ಅವಳು ಹೇಳಿದಳು. ಹದಿನೈದು ನಿಮಿಷ ಕೂಡ ಆಗಲಿಲ್ಲ. ಓಬಯ್ಯ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ರಸ್ತೆಯ ಮೇಲೆ ಕಾಲು ಚಾಚಿ ಕೂತನಂತೆ. ಮಗಳು ಹೆದರಿ ಅಳುತ್ತಿದ್ದಳಂತೆ. ಅಳಬ್ಯಾಡ, ನೆಗಡಿಗೆ ಏನು ಮಾಡ್ತಾರೆ, ಎದೆಗೆ ಹಚ್ತಾರೆ ಎಂದು, ಜೇಬಿನಲ್ಲಿದ್ದ ಮೇಣದಬತ್ತಿಯ ತುಂಡು ತೆಗೆದು ತಗಡಿನ ನಾಲಿಗೆಗೆ ಎರಡೂ ಕಡೆ ಉಜ್ಜಿದನಂತೆ. ಉಜ್ಜುತ್ತ ಮತ್ತೆ ನಕ್ಕನಂತೆ. ನಕ್ಕಾಗ ಮೇಲಿನ ಎಡಗಡೆ ಒಂದು ಹಲ್ಲು ಇಲ್ಲದ್ದು ಕಾಣಿಸಿತಂತೆ. ಅಪ್ಪನಿಗೆ ಹಲ್ಲಿಲ್ಲವೆಂಬುದು ಅವಳಿಗೆ ಗೊತ್ತಾದದ್ದೇ ಅವತ್ತು. ಆಮೇಲೆ ಇಬ್ಬರೂ ಕಡಲೆಪುರಿ ತಿಂದು ಮನೆಗೆ ಹೋದರಂತೆ. ಇನ್ನು ದಿನಾ ಬೆಳಗ್ಗೆ ಹಲ್ಲುಜ್ಜಿದ ಹಾಗೆ ಇದರ ನಾಲಿಗೆಗೂ ಮೇಣ ಉಜ್ಜಿಡ್ತೀನಿ ಎಂದನಂತೆ. ಅವನು ಸತ್ತ ಮೇಲೂ ಹಳೆಯ ಗಂಟೆಗಳಲ್ಲಿ ಆ ಮೇಣ ಉಳಿದಿತ್ತೆಂದು ಆಗ ನನಗೆ ಹೊಳೆಯಿತು. ಯಾವ ದಿನಚರಿಯಲ್ಲೂ ಅದು ಬರಲಿಲ್ಲ, ಯಾವ ನಕ್ಷೆಯಲ್ಲೂ ಬರಲಿಲ್ಲ.

ಮೇಣ. ಒಂದು ತುಂಡು ಮೇಣದಬತ್ತಿ. ನಾನು ತಲೆ ಎತ್ತಿದಾಗ ಹೊನ್ನೂರಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಮುಗಿಯಿತಾ ಸಾರ್, ನಾನಿನ್ನು ಹೋಗಬಹುದಾ ಎಂದು ಕೇಳಿ ಎದ್ದು ಹೋದಳು.

ಹೊಸ ಗಂಟೆಗಳಿಗೆಲ್ಲ ಕಾರ್ಖಾನೆಯಲ್ಲೇ ಮೇಣ ಹಚ್ಚತೊಡಗಿದರು. ಪೆಟ್ಟಿಗೆಯ ಮೇಲೆ ಸುಧಾರಿತ ಮಾದರಿ ಎಂದು ಅಚ್ಚಾಯಿತು. ಆಗಲೇ ಮಾರಾಟವಾದ ಗಂಟೆಗಳ ಬಗ್ಗೆ ಐವತ್ತು ಊರಿಗೆ ಒಂದೊಂದು ಕಾಗದ ಬರೆಯಿರಿ ಎಂದು ನಾನು ಸೀತಾಪತಿಯವರ ಮೇಜಿನ ಮುಂದೆ ನಿಂತೆ. ಬರೆದರೆ ದೋಷ ಒಪ್ಪಿಕೊಂಡ ಹಾಗೆ ಎಂದರು. ನಾನು ಕೆಲಸ ಬಿಟ್ಟು ಚೀಲದಲ್ಲಿ ಮೇಣದಬತ್ತಿ ತುಂಬಿಕೊಂಡು ಊರೂರು ತಿರುಗಿದೆ. ಗುಂಡಿಯವರನ್ನು ಹುಡುಕಿ, ಕೊರಳಿನ ಗಂಟೆ ಬಿಚ್ಚಿಸಿ ಉಜ್ಜಿಕೊಟ್ಟೆ. ಬತ್ತಿ ಮಾರುವವನೆಂದು ಕೆಲವರು ಓಡಿಸಿದರು. ಒಟ್ಟು ಮೂವತ್ತೊಂದು ಊರು ಮುಟ್ಟಿದೆ. ಅದರಲ್ಲಿ ನಾಲ್ಕು ಊರಿಗೆ ನಾನು ತಡವಾಗಿ ಹೋದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಅಲ್ಲಿಯೂ ಉಜ್ಜಿ ಬಂದೆ.

ಹೇಳಿದರೆ ಹೋಗುತ್ತದೆ ಅನ್ನುವುದು ನಮ್ಮೂರಿನ ನಿಯಮ. ನಾನು ಬದುಕಿನಲ್ಲಿ ಏನನ್ನೂ ಮಾಡಿದವನಲ್ಲ, ಆ ಹಾಳೆಯ ಎದುರು ಹಾಕಿದ ಗೀಟೊಂದೇ ನನ್ನ ಕೈಯಿಂದ ಆದದ್ದು. ಹಾಗಾಗಿ ಸಿಕ್ಕಿದವರಿಗೆಲ್ಲ ಇದನ್ನು ಒಪ್ಪಿಸುತ್ತಿದ್ದೇನೆ, ಒಂದನ್ನೂ ಬಿಡದೆ. ಇನ್ನೂ ಹೋಗಿಲ್ಲ.

ಹೋದ ತಿಂಗಳು ಊರಿಗೆ ಬಂದಾಗ ಹೊನ್ನೂರಮ್ಮ ಸಂತೆಯಲ್ಲಿ ಸಿಕ್ಕಿ ಮನೆಗೆ ಕರೆದುಕೊಂಡು ಹೋದಳು. ಬಿಸಿಲಲ್ಲಿ ಬಂದಿದ್ದೀರೆಂದು ಮಜ್ಜಿಗೆ ಕೊಟ್ಟಳು. ನಿಮ್ಮ ಹತ್ತಿರ ನಾನು ಏನೋ ಇಟ್ಟಿದ್ದೇನಲ್ಲ ಸಾರ್, ಏನೆಂದು ನೆನಪಿಲ್ಲ, ಕೊಡಿ ಅಂದಳು. ನಾನು ಲೋಟ ಕೆಳಗಿಟ್ಟು, ಒಂದಕ್ಷರ ಕಮ್ಮಿಯಾಗದಂತೆ ಹೇಳಿದೆ. ಮಂಜು, ಗುಂಡಿ, ನೆಗಡಿ, ಮೇಣ, ಕಡಲೆಪುರಿ. ಅಪ್ಪ ರಸ್ತೆಯ ಮೇಲೆ ಕಾಲು ಚಾಚಿ ಕೂತು ನಕ್ಕದ್ದನ್ನು, ಹಲ್ಲಿಲ್ಲದ ಜಾಗ ಕಂಡದ್ದನ್ನು ಹೇಳಿದೆ. ಅವಳು ಕೈಕಟ್ಟಿಕೊಂಡು ಮರ್ಯಾದೆಯಿಂದ ಕೇಳಿಸಿಕೊಂಡಳು. ಆಮೇಲೆ ತಲೆಯೆತ್ತಿ ಬಾಗಿಲ ಎದುರಿನ ಫೋಟೊವನ್ನು ನೋಡಿದಳು.

"ನೀವು ಬೇರೆ ಯಾರ್ದೋ ಹೇಳ್ತಿದೀರ ಸಾರ್," ಅಂದಳು. "ಪಾಪ, ಎಷ್ಟು ಜನರದ್ದು ಅಂತ ನೆನಪಿಟ್ಕೊಂಡೀರಿ. ನಮ್ಮಪ್ಪ ನಗೋ ಆಸಾಮಿ ಅಲ್ಲ."

ಇರಬಹುದು ಎಂದೆ. ಉಳಿದ ಮಜ್ಜಿಗೆ ಕುಡಿದು ಎದ್ದೆ.